ಪಿಸ್ತೂಲಿನ ಕಾಡತೂಸಿಗೆ ಯಾವ ಮದ್ದು?

ನನ್ನ ತಮ್ಮನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ್ದು, ಬಿಡುವಿನ ದಿನಗಳಲ್ಲಿ ಪಿಸ್ತೂಲಿನಿಂದ ಗುರಿ ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತಾನೆ. ಹಾರಿಸಿ ಮುಗಿದ ಕಾಡತೂಸಿನ ಹಿತ್ತಾಳೆ ಕೇಸನ್ನು ಹೆಕ್ಕಿ ತಂದು, ತೊಳೆದು, ಅದಕ್ಕೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ತಳದ ಪುಟ್ಟ ಭಾಗ), ಹೊಸ ಮದ್ದು, ಹೊಸ ಗುಂಡು ಕೂಡಿಸಿ ಮನೆಯಲ್ಲಿಯೇ ಮತ್ತೆ ಕಾಡತೂಸು ಮಾಡಿಕೊಳ್ಳುವ ರೀಲೋಡಿಂಗ್ ಎಂಬ ಹವ್ಯಾಸ ಅಲ್ಲಿ ಬಹಳ ಜನರಿಗೆ ಇದೆ. ಅವನೂ ಈಗ ಅದಕ್ಕೆ ಕೈ ಹಾಕಿದ್ದಾನೆ. ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಫೋನ್ ಮಾಡಿ, ‘ದೊಡ್ಡಪ್ಪಾ, ಅಂಗಡ್ಯಾಗ ಹತ್ತಾರು ನಮೂನಿ ಮದ್ದಿನ ಡಬ್ಬಿ ಅದಾವು. ಎಲ್ಲಾದಕ್ಕೂ ನಡಿಯೂ ಹಂತಾದು ಯಾವುದರೆ ಒಂದು ಹೇಳ್ರಿ’ ಎಂದು ಕೇಳಿದ. ಅವನ ಬಳಿ ಇರುವುದು .38 ಸ್ಪೆಷಲ್ ಎಂಬ ಕಾಡತೂಸಿನ ಒಂದು ರಿವಾಲ್ವರ್ ಮತ್ತು 9 ಮಿ.ಮೀ. ಲ್ಯೂಗರ್ ಎಂಬ ಕಾಡತೂಸಿನ ಒಂದು ಪಿಸ್ತೂಲು. ಒಂದೇ ಮಾತಿನಲ್ಲಿ ಹೆಸರು ಹೇಳಿಬಿಡುವುದು ಸುಲಭವಿತ್ತು, ಆದರೆ ಹೆಸರಿಗಿಂತ ಮೊದಲು ಆಯ್ಕೆಯ ಕ್ರಮ ತಿಳಿಯಬೇಕು ಎಂಬುದು ನನ್ನ ಹಟ. ನನ್ನ ಅಭಿಪ್ರಾಯದಲ್ಲಿ ಹೊಸಬನಾದವನು ಮೊದಲು ನೋಡಬೇಕಾದದ್ದು ಮದ್ದಿನ ವೇಗವನ್ನೂ ಅಲ್ಲ, ಬೆಲೆಯನ್ನೂ ಅಲ್ಲ. ತುಂಬುವಾಗ ಕೈತಪ್ಪಿದರೆ ಆ ತಪ್ಪು ಕಣ್ಣಿಗೆ ಕಾಣುವಂತೆ ಮಾಡುವ ಮದ್ದು ಯಾವುದು ಎಂಬುದನ್ನು.

ಮುಂದೆ ಹೋಗುವ ಮೊದಲು ನಮ್ಮ ಊರಿನ ಓದುಗರಿಗೆ ಒಂದು ಮಾತು. ಇದು ನಮ್ಮಲ್ಲಿ ಮನೆಯೊಳಗೆ ಮಾಡಬಹುದಾದ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡಿನ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಅದಕ್ಕೆ ಸಾಲದು. ಅದೇ ಕಾಯ್ದೆಯಲ್ಲಿ ಮದ್ದುಗುಂಡು ಎಂಬುದರ ವ್ಯಾಪ್ತಿಯೊಳಗೆ ಕಾಡತೂಸಿನ ಬಿಡಿಭಾಗಗಳು ಮಾತ್ರವಲ್ಲ, ಅದನ್ನು ತಯಾರಿಸುವ ಯಂತ್ರವೂ ಬರುತ್ತದೆ. ಮೇಲಾಗಿ 9 ಮಿ.ಮೀ. ಇಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಇರುವ ಬಂದೂಕನ್ನೇ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆದು ಬರುವ ನಮ್ಮ ಜಿಲ್ಲೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಇಲ್ಲಿ ಬರೆದಿರುವುದು ಅಲ್ಲಿನ ಕಾನೂನಿನೊಳಗೆ, ಅಲ್ಲಿ ಸಿಗುವ ಡಬ್ಬಿಗಳ ಬಗ್ಗೆ ಅವನಿಗೆ ಹೇಳಿದ ಮಾತು. ಎಷ್ಟು ಗ್ರೇನ್ (ಮದ್ದನ್ನು ತೂಗುವ ಸಣ್ಣ ಅಳತೆ) ಹಾಕಬೇಕು ಎಂಬ ಅಂಕಿಯನ್ನು ನಾನು ಅವನಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅದು ಮದ್ದಿನ ತಯಾರಕರು ಪ್ರಕಟಿಸುವ ಕೈಪಿಡಿಯಿಂದಲೇ ಬರಬೇಕು.

ಈಗಿನ ಕಾಡತೂಸಿನಲ್ಲಿರುವುದು ಹೊಗೆರಹಿತ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ನೈಟ್ರೊಸೆಲ್ಯುಲೋಸನ್ನು ಪಳಗಿಸಿ ಇದನ್ನು ಬಳಕೆಗೆ ತಂದರು. ಕೆಲವೇ ವರ್ಷಗಳಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೊಗ್ಲಿಸರಿನ್ ಕೂಡಿಸಿದರು. ನೈಟ್ರೊಸೆಲ್ಯುಲೋಸ್ ಮಾತ್ರ ಇದ್ದರೆ ಸಿಂಗಲ್ ಬೇಸ್, ಎರಡೂ ಇದ್ದರೆ ಡಬಲ್ ಬೇಸ್ ಎಂದು ಕರೆಯುವುದು ವಾಡಿಕೆ. ಡಬಲ್ ಬೇಸ್ ಮದ್ದಿನಲ್ಲಿ ತೂಕಕ್ಕೆ ಹೆಚ್ಚು ಶಕ್ತಿ ಇರುತ್ತದೆ, ಉರಿಯುವಾಗ ಶಾಖವೂ ಹೆಚ್ಚು. ಫಿನ್ಲೆಂಡಿನ ವಿಹ್ತಾವೂರಿ ಕಾರ್ಖಾನೆಯ ಎನ್320 ಸಿಂಗಲ್ ಬೇಸ್‌ನದು; ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಬುಲ್ಸ್‌ಐ, ಯೂನಿಕ್, ಟೈಟ್‌ಗ್ರೂಪ್ ಮೊದಲಾದವು ಡಬಲ್ ಬೇಸ್. ಇವುಗಳಲ್ಲಿ ಬುಲ್ಸ್‌ಐ 1898ರಿಂದಲೂ, ಯೂನಿಕ್ 1900ರಿಂದಲೂ ಮಾರುಕಟ್ಟೆಯಲ್ಲಿವೆ. ಶತಮಾನ ದಾಟಿದರೂ ಜನ ಅವನ್ನು ಬಿಟ್ಟಿಲ್ಲವೆಂದರೆ ಅದಕ್ಕೆ ಬರೀ ಅಭ್ಯಾಸಬಲ ಕಾರಣವಲ್ಲ.

ಮದ್ದು ಎಷ್ಟು ಬೇಗ ಉರಿಯುತ್ತದೆ ಎಂಬುದು ಅದರ ರಸಾಯನಕ್ಕಿಂತ ಹೆಚ್ಚಾಗಿ ಕಾಳಿನ ಆಕಾರ, ಗಾತ್ರ ಮತ್ತು ಮೇಲಿನ ಲೇಪನವನ್ನು ಅವಲಂಬಿಸಿರುತ್ತದೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟಿನ ಬಾಯ್ಲರ್ ನೋಡಿದವರಿಗೆ ಇದು ಗೊತ್ತು: ಅದೇ ತೂಕದ ಜಾಲಿ ಕೊರಡು ಗಂಟೆಗಟ್ಟಲೆ ಉರಿದರೆ ಹೊಟ್ಟು ಗಾಳಿಯಲ್ಲಿ ಹಾರುತ್ತಲೇ ಭಗ್ಗೆಂದು ಮುಗಿಯುತ್ತದೆ, ಏಕೆಂದರೆ ಅದರ ಮೈಯೆಲ್ಲ ಗಾಳಿಗೆ ತೆರೆದಿರುತ್ತದೆ. ಪಿಸ್ತೂಲಿನ ಮದ್ದಿನಲ್ಲಿ ತೆಳು ಬಿಲ್ಲೆಗಳಿರುವುದುಂಟು, ದುಂಡನೆಯ ಅಥವಾ ಚಪ್ಪಟೆಯಾಗಿಸಿದ ಗುಂಡುಕಾಳುಗಳಿರುವುದುಂಟು, ಸಣ್ಣ ಕೊಳವೆಯ ತುಣುಕುಗಳೂ ಇರುವುದುಂಟು. ಮೇಲೆ ಗ್ರಾಫೈಟ್ ಸವರಿರುವುದರಿಂದ ಎಲ್ಲವೂ ಕಡುಬೂದು ಬಣ್ಣದಲ್ಲಿ ಕಾಣುತ್ತವೆ. ಬಣ್ಣ ನೋಡಿ ಮದ್ದನ್ನು ಗುರುತಿಸಲು ಹೊರಡುವವನು ಈ ಹವ್ಯಾಸಕ್ಕೆ ತಕ್ಕವನಲ್ಲ.

ಹೊಗೆರಹಿತ ಮದ್ದಿನ ಇನ್ನೊಂದು ಗುಣವನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಒತ್ತಡ ಹೆಚ್ಚಿದಂತೆ ಅದರ ಉರಿಯುವ ವೇಗವೂ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಒತ್ತಡ ಮತ್ತೆ ಏರುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲಿನ ಹಳೆಯ ಕರಿಮದ್ದು ಒತ್ತಡಕ್ಕೆ ಇಷ್ಟು ಬೇಗ ಕೆರಳುವುದಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಎರಡೂ ಕಡೆ ಸಿಡಿದದ್ದು ಈ ಕರಿಮದ್ದೇ. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದ ನಮ್ಮ ರೈತರ ಮನೆಗಳಲ್ಲಿ ಇರುವ, ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿಗೆ ಹೊಂದುವುದೂ ಅದೇ. ಅಂಥ ಕೋವಿಗೆ ಎಲ್ಲಿಂದಲೋ ಸಿಕ್ಕ ಹೊಗೆರಹಿತ ಮದ್ದನ್ನು ಅದೇ ಅಳತೆಯಲ್ಲಿ ಹಾಕಿದರೆ ನಳಿಗೆ ಒಡೆಯುತ್ತದೆ, ಹಿಡಿದವನ ಕೈಯೂ ಹೋಗುತ್ತದೆ. ಈ ಮಾತನ್ನು ಕೊಪ್ಪಳ, ಸಂಡೂರು ಕಡೆಯ ಓದುಗರು ಯಾರಾದರೂ ಇದ್ದರೆ ತಮ್ಮ ಮನೆಯ ಹಿರಿಯರಿಗೂ ತಿಳಿಸಬೇಕು.

ಇನ್ನು ಒತ್ತಡದ ಮಿತಿಗೆ ಬರೋಣ. ಅಮೆರಿಕದ ಕಾಡತೂಸು ತಯಾರಕರ ಸಂಸ್ಥೆಯಾದ ‘ಸಾಮಿ’ ನಿಗದಿಪಡಿಸಿದ ಗರಿಷ್ಠ ಒತ್ತಡ .38 ಸ್ಪೆಷಲ್‌ಗೆ ಚದರ ಇಂಚಿಗೆ 17,000 ಪೌಂಡ್, 9 ಮಿ.ಮೀ. ಲ್ಯೂಗರ್‌ಗೆ 35,000 ಪೌಂಡ್. ನಮ್ಮ ಹುಡುಗನ ಎರಡು ಆಯುಧಗಳ ನಡುವೆ ಮಿತಿಯಲ್ಲೇ ಎರಡು ಪಟ್ಟಿನಷ್ಟು ಅಂತರವಿದೆ ಎಂದಾಯಿತು. ಆದರೆ ಇದರಲ್ಲಿ ವಿಚಿತ್ರವಾದ ಒಂದು ಸಂಗತಿ ಇದೆ. ಕಡಿಮೆ ಒತ್ತಡದ .38 ಸ್ಪೆಷಲ್‌ನ ಕೇಸು ಉದ್ದನೆಯದು, ಹೆಚ್ಚು ಒತ್ತಡದ 9 ಮಿ.ಮೀ. ಕೇಸು ಮೋಟು. ಕಾರಣ ಇತಿಹಾಸದಲ್ಲಿದೆ: .38 ಸ್ಪೆಷಲ್ ಹುಟ್ಟಿದ್ದು ಕರಿಮದ್ದಿನ ಕಾಲದ ಕೊನೆಯಲ್ಲಿ, 1898ರ ಸುಮಾರಿಗೆ. ಅದರ ಕೇಸಿನ ಉದ್ದ ಸುಮಾರು 21 ಗ್ರೇನ್ ಕರಿಮದ್ದಿಗೆಂದು ಮಾಡಿದ ಉದ್ದ. ಇಂದಿನ ವೇಗದ ಮದ್ದನ್ನು ಅದರ ಐದನೆಯ ಒಂದು ಪಾಲಿನಷ್ಟೂ ಹಾಕದೆ ಗುರಿಹೊಡೆತಕ್ಕೆ ಸಾಕಾಗುವ ಕಾಡತೂಸು ತಯಾರಾಗುತ್ತದೆ. ಉಳಿದ ಜಾಗವೆಲ್ಲ ಖಾಲಿ.

ಆ ಖಾಲಿ ಜಾಗದಲ್ಲಿಯೇ ಅಪಾಯ ಕುಳಿತಿದೆ. ಟೈಟ್‌ಗ್ರೂಪ್‌ನಂಥ ಸಾಂದ್ರವಾದ, ವೇಗದ ಮದ್ದನ್ನು .38ರ ಕೇಸಿಗೆ ಸರಿಯಾದ ಅಳತೆಯಲ್ಲಿ ಹಾಕಿ ಮೇಲಿಂದ ಇಣುಕಿದರೆ ತಳದಲ್ಲಿ ಒಂದಿಷ್ಟು ಬೂದು ಪುಡಿ ಮಾತ್ರ ಕಾಣುತ್ತದೆ. ಫೋನ್ ಬಂತೆಂದು ಎದ್ದುಹೋಗಿ ಬಂದವನು ಅದೇ ಕೇಸಿಗೆ ಎರಡನೆಯ ಸಲ ಹಾಕಿದರೂ ಅದು ತುಂಬಿ ಚೆಲ್ಲುವುದಿಲ್ಲ. ಮೂರನೆಯ ಸಲ ಹಾಕಿದರೂ ಚೆಲ್ಲದಿರಬಹುದು. ಮೇಲೆ ಗುಂಡು ಕೂತುಬಿಟ್ಟರೆ ಹೊರಗಿನಿಂದ ಗುರುತಿಸುವ ದಾರಿಯೇ ಇಲ್ಲ, ಏಕೆಂದರೆ ಹಿತ್ತಾಳೆಯ ತೂಕ ಒಂದರಿಂದ ಒಂದಕ್ಕೆ ವ್ಯತ್ಯಾಸವಾಗುವುದರಿಂದ ತಕ್ಕಡಿಯೂ ಖಚಿತವಾಗಿ ಹೇಳಲಾರದು. ಎರಡು ಪಟ್ಟು ಮದ್ದಿನ ಒತ್ತಡಕ್ಕೆ ರಿವಾಲ್ವರಿನ ಸಿಲಿಂಡರ್ ಸೀಳಿ ಮೇಲಿನ ಪಟ್ಟಿ ಹಾರಿಹೋಗುವುದು ಅಪರೂಪದ ಕಥೆಯಲ್ಲ. ಇದಕ್ಕೆ ವಿರುದ್ಧವಾಗಿ, ಯೂನಿಕ್ ಅಥವಾ ರೆಡ್ ಡಾಟ್‌ನಂಥ ಹಗುರವಾದ, ಉಬ್ಬಿದ ಬಿಲ್ಲೆಮದ್ದು ಅದೇ ಶಕ್ತಿಗೆ ಹೆಚ್ಚು ಜಾಗ ಹಿಡಿಯುತ್ತದೆ. ಅದು .38ರ ಕೇಸಿನಲ್ಲಿ ಎರಡು ಪಟ್ಟಾದರೆ ಮಾಮೂಲಿಗಿಂತ ಬಹಳ ಮೇಲಕ್ಕೆ ಬಂದು ಕಣ್ಣಿಗೆ ಹೊಡೆಯುತ್ತದೆ. ಮೋಟು 9 ಮಿ.ಮೀ. ಕೇಸಿನಲ್ಲಾದರೆ ಬಹುಪಾಲು ಚೆಲ್ಲಿಯೇ ಹೋಗುತ್ತದೆ. ತಯಾರಕರ ಪಟ್ಟಿಯಲ್ಲಿ ಕೇಸು ಅರ್ಧಕ್ಕಿಂತ ಹೆಚ್ಚು ತುಂಬುವ ಮದ್ದುಗಳಿಗೆ ಮಾತ್ರ ಮೊದಲು ಗುರುತು ಹಾಕಿಕೋ, ಉಳಿದವನ್ನು ಪಳಗಿದ ಮೇಲೆ ನೋಡುವಿಯಂತೆ ಎಂದು ಅವನಿಗೆ ಹೇಳಿದೆ.

ಅರೆಖಾಲಿ ಕೇಸಿನಲ್ಲಿ ಇನ್ನೂ ಒಂದು ತೊಂದರೆ ಇದೆ. ಪಿಸ್ತೂಲನ್ನು ಕೆಳಕ್ಕೆ ಬಾಗಿಸಿ ಎತ್ತಿದರೆ ಮದ್ದು ಗುಂಡಿನ ಕಡೆಗೆ ಸರಿದಿರುತ್ತದೆ, ಮೇಲಕ್ಕೆ ಹಿಡಿದು ಇಳಿಸಿದರೆ ಪ್ರೈಮರಿನ ಕಡೆಗೆ. ಕೆಲವು ಮದ್ದುಗಳಲ್ಲಿ ಇದರಿಂದಲೇ ಗುಂಡಿನ ವೇಗದಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ. ಟೈಟ್‌ಗ್ರೂಪ್ ತಯಾರಿಸಿದವರು ಈ ದೋಷ ತಮ್ಮ ಮದ್ದಿನಲ್ಲಿ ಕಡಿಮೆ ಎಂದು ಹೇಳಿಕೊಳ್ಳುತ್ತಾರೆ, ಮತ್ತು ಅದು ನಿಜ. ಸಾಂದ್ರವಾದ ಮದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪ್ರತಿ ಕೇಸನ್ನೂ ದೀಪದ ಕೆಳಗೆ ಇಣುಕಿ ನೋಡುವ ಅಭ್ಯಾಸ ಕೈಗೂಡಿದವರಿಗೆ ಅದು ಒಳ್ಳೆಯ ಮದ್ದೇ.

ಮದ್ದು ಬೀಳದೇ ಉಳಿದ ಕೇಸು ಹೆಚ್ಚು ಬಿದ್ದದ್ದಕ್ಕಿಂತ ಕಡಿಮೆ ಅಪಾಯದ್ದೇನಲ್ಲ. ಪ್ರೈಮರಿನ ಶಕ್ತಿ ಒಂದರಿಂದಲೇ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಸಿಕ್ಕಿಕೊಳ್ಳುತ್ತದೆ. ‘ಟಪ್’ ಎಂಬ ಸಣ್ಣ ಸದ್ದನ್ನು ಗಮನಿಸದೆ ಸ್ಪರ್ಧೆಯ ಅವಸರದಲ್ಲಿ ಮತ್ತೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಕೇಸನ್ನು ಚೆನ್ನಾಗಿ ತುಂಬುವ ಮದ್ದಾದರೆ ಖಾಲಿ ಕೇಸು ಸಾಲಿನಲ್ಲಿ ಒಡನೆಯೇ ಕಾಣಿಸುತ್ತದೆ.

ಬಿಲ್ಲೆಮದ್ದಿನ ದೋಷವನ್ನೂ ಹೇಳಬೇಕು. ರೀಲೋಡಿಂಗ್ ಯಂತ್ರದಲ್ಲಿ ಮದ್ದನ್ನು ತೂಗಿ ಹಾಕುವುದಿಲ್ಲ. ಒಂದು ರಂಧ್ರದ ಗಾತ್ರದಿಂದ ಅಳೆದು ಬೀಳಿಸುತ್ತಾರೆ. ದುಂಡುಕಾಳಿನ ಮದ್ದು ಸಾಸಿವೆ ಸುರಿದ ಹಾಗೆ ಸರಾಗವಾಗಿ ಇಳಿಯುತ್ತದೆ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ತೂಕ. ದೊಡ್ಡ ಬಿಲ್ಲೆಗಳು ಒಂದಕ್ಕೊಂದು ಅಡ್ಡವಾಗಿ ನಿಂತು ಕಟ್ಟಿಕೊಳ್ಳುವುದರಿಂದ ಒಂದರಲ್ಲಿ ಕಡಿಮೆ, ಮುಂದಿನದರಲ್ಲಿ ಹೆಚ್ಚು ಬೀಳಬಹುದು. ಪಿಸ್ತೂಲಿನ ಅಳತೆಯೇ ಎರಡು ಗ್ರೇನಿನಿಂದ ಇಪ್ಪತ್ತು ಚಿಲ್ಲರೆ ಗ್ರೇನಿನವರೆಗೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಗ್ರೇನಿನ ಹತ್ತನೆಯ ಒಂದು ಭಾಗಕ್ಕೂ ಬೆಲೆಯಿದೆ. ಈ ಎರಡು ಗುಣಗಳ ನಡುವೆ ನಿಲ್ಲುವುದು ವಿಂಚೆಸ್ಟರ್ 231. ಅದು ಸಣ್ಣ ಚಪ್ಪಟೆ ಕಾಳಿನದು, ಸರಾಗವಾಗಿ ಇಳಿಯುತ್ತದೆ, ಟೈಟ್‌ಗ್ರೂಪ್‌ಗಿಂತ ಜಾಗವನ್ನೂ ತುಸು ಹೆಚ್ಚು ಹಿಡಿಯುತ್ತದೆ. ಹಾಡ್ಜ್‌ಡನ್ ಹೆಸರಿನಲ್ಲಿ ಮಾರಾಟವಾಗುವ ಎಚ್‌ಪಿ-38 ಕೂಡ ಅದೇ ಮದ್ದು, ಡಬ್ಬಿ ಮಾತ್ರ ಬೇರೆ. ಅಂಗಡಿಯಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದನ್ನು ಕೇಳಬಹುದು.

ಅಂತರಜಾಲದಲ್ಲಿ ಉರಿವೇಗದ ಪಟ್ಟಿಗಳು ಸಿಗುತ್ತವೆ. ಅತಿ ವೇಗದ್ದು ಮೇಲೆ, ನಿಧಾನದ್ದು ಕೆಳಗೆ. ಹುಡುಗ ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಂಡಿದ್ದ. ಪಟ್ಟಿ ಕೊಡುವುದು ಸರದಿಯನ್ನು ಮಾತ್ರ. ಹತ್ತನೆಯದಕ್ಕೂ ಹನ್ನೊಂದನೆಯದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಅದರಲ್ಲಿಲ್ಲ, ಕೇಸು ಮತ್ತು ಗುಂಡು ಬದಲಾದರೆ ಆ ಸರದಿಯೇ ಹಿಂದುಮುಂದಾಗಬಹುದು. ಪಕ್ಕದಲ್ಲಿ ಇದೆ ಎಂದು ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವುದು ಈ ಹವ್ಯಾಸದಲ್ಲಿ ಅಕ್ಷಮ್ಯ.

ನಿಧಾನದ ಮದ್ದುಗಳ ಗುಂಪೇ ಬೇರೆ. .357 ಮ್ಯಾಗ್ನಮ್ ಎಂಬ ಹೆಚ್ಚು ಒತ್ತಡದ ರಿವಾಲ್ವರ್ ಕಾಡತೂಸಿಗೆ ಬಳಸುವ ಎಚ್110 ಮದ್ದು ಕೇಸನ್ನು ಪೂರ್ತಿ ತುಂಬುತ್ತದೆ, ಹೀಗಾಗಿ ಎರಡು ಪಟ್ಟು ಬೀಳುವ ಪ್ರಶ್ನೆಯೇ ಇಲ್ಲ. ಹಾಗಾದರೆ ನಾನು ಹೇಳಿದ ಕ್ರಮದಂತೆ ಅದೇ ಮೊದಲು ಬರಬೇಕಲ್ಲವೇ ಎಂದು ಅವನು ಕೇಳಿದ, ಒಳ್ಳೆಯ ಪ್ರಶ್ನೆ. ಆದರೆ ಆ ಮದ್ದು ಒತ್ತಡ ಏರಿದರೆ ಮಾತ್ರ ಸರಿಯಾಗಿ ಉರಿಯುತ್ತದೆ. ಅದರ ಅಳತೆಯನ್ನು ಶೇಕಡಾ 3ಕ್ಕಿಂತ ಹೆಚ್ಚು ಇಳಿಸಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ, ಏಕೆಂದರೆ ಇಳಿಸಿದರೆ ಅರ್ಧ ಉರಿದು ಗುಂಡು ನಳಿಗೆಯಲ್ಲಿ ನಿಲ್ಲುವ ಸಂಭವವಿದೆ. 17,000 ಪೌಂಡಿನ ಮಿತಿಯೊಳಗೆ ಹಗುರವಾಗಿ ಹಾರಿಸಬೇಕಾದ .38 ಸ್ಪೆಷಲ್‌ಗೆ ಅದು ಸಲ್ಲದ ಮದ್ದು. ಕೇಸು ತುಂಬುವುದು ಮೊದಲ ಜರಡಿ ಮಾತ್ರ. ಆ ಕಾಡತೂಸಿಗೆ, ಆ ಗುಂಡಿಗೆ ಕೈಪಿಡಿಯಲ್ಲಿ ಅಳತೆ ಇರುವುದು ಎರಡನೆಯ ಜರಡಿ.

ಸ್ಪರ್ಧೆಯವರ ಲೆಕ್ಕಾಚಾರ ಬೇರೆ ಇದೆ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ತೆಗೆದುಕೊಂಡು ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದಕ್ಕೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ, ಮತ್ತು ಅವನು ಆಡುವ ವರ್ಗದಲ್ಲಿ ಅದು 125ಕ್ಕಿಂತ ಕಡಿಮೆ ಇರಬಾರದು. ಅದೇ 125ನ್ನು ಭಾರದ ಗುಂಡು ಮತ್ತು ವೇಗದ ಮದ್ದಿನಿಂದಲೂ ಮುಟ್ಟಬಹುದು, ಹಗುರ ಗುಂಡು ಮತ್ತು ನಿಧಾನ ಮದ್ದಿನಿಂದಲೂ ಮುಟ್ಟಬಹುದು. ಆದರೆ ವೇಗದ ಮದ್ದು ತೂಕದಲ್ಲಿ ಕಡಿಮೆ ಸಾಕಾಗುವುದರಿಂದ ಮತ್ತು ಗುಂಡು ಹೊರಬೀಳುವ ಹೊತ್ತಿಗೆ ನಳಿಗೆಯ ಬಾಯಿಯಲ್ಲಿ ಒತ್ತಡ ತಗ್ಗಿರುವುದರಿಂದ ಕೈಗೆ ಬರುವ ಒದೆತ ಮೆತ್ತಗಿರುತ್ತದೆ. ನಳಿಗೆಯ ತುದಿಗೆ ಕಾಂಪೆನ್ಸೇಟರ್ (ಅನಿಲವನ್ನು ಮೇಲಕ್ಕೆ ಹಾಯಿಸಿ ಪಿಸ್ತೂಲು ಎಗರದಂತೆ ತಡೆಯುವ ಸಾಧನ) ಕೂಡಿಸಿದವರಿಗೆ ಮಾತ್ರ ಇದು ತಿರುವುಮುರುವಾಗುತ್ತದೆ, ಏಕೆಂದರೆ ಆ ಸಾಧನ ಕೆಲಸ ಮಾಡಲು ಸಾಕಷ್ಟು ಅನಿಲ ಬೇಕು. ಮೋಟು ನಳಿಗೆಗೆ ವೇಗದ ಮದ್ದೇ ಹೆಚ್ಚು ವೇಗ ಕೊಡುತ್ತದೆ ಎಂಬ ಮಾತೂ ಬಹಳ ಕೇಳಿಬರುತ್ತದೆ. ಸಾಮಾನ್ಯವಾಗಿ ಉದ್ದ ನಳಿಗೆಯಲ್ಲಿ ಯಾವ ಮದ್ದು ಹೆಚ್ಚು ವೇಗ ಕೊಡುತ್ತದೆಯೋ ಮೋಟು ನಳಿಗೆಯಲ್ಲಿಯೂ ಅದೇ ಮುಂದಿರುತ್ತದೆ, ಬೆಂಕಿ ಮತ್ತು ಸದ್ದು ಮಾತ್ರ ವಿಪರೀತ.

ಬೆಲೆಯ ವಿಚಾರ ಬೇಗ ಮುಗಿಯುತ್ತದೆ. ಒಂದು ಪೌಂಡಿಗೆ 7000 ಗ್ರೇನ್. ಅಳತೆಯಿಂದ ಭಾಗಿಸಿದರೆ ಎಷ್ಟು ಕಾಡತೂಸು ಎಂದು ತಿಳಿಯುತ್ತದೆ. ಸಾಂದ್ರ ಮದ್ದಿನಲ್ಲಿ ನೂರಾರು ಹೆಚ್ಚು ಬರುತ್ತವೆ, ನಿಜ. ಆದರೆ ಒಟ್ಟು ಖರ್ಚಿನಲ್ಲಿ ಗುಂಡು ಮತ್ತು ಪ್ರೈಮರಿನ ಪಾಲೇ ದೊಡ್ಡದು. ಮದ್ದಿನಲ್ಲಿ ಉಳಿಸಿದ ಪೈಸೆಗೆ ಸುರಕ್ಷತೆಯನ್ನು ಒತ್ತೆ ಇಡಬೇಕಾಗಿಲ್ಲ.

ಬಳ್ಳಾರಿಯವನಾಗಿ ನಾನು ಶಾಖದ ಬಗ್ಗೆ ಎರಡು ಮಾತು ಹೆಚ್ಚು ಹೇಳಿದ್ದರೆ ಅದು ಸಹಜ. ಇಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ಮೀರುವುದು ನಿತ್ಯದ ಮಾತು, ಟೆಕ್ಸಾಸ್‌ನ ಬೇಸಿಗೆಯೂ ಅದಕ್ಕೆ ಕಡಿಮೆಯಿಲ್ಲ. ನೈಟ್ರೊಸೆಲ್ಯುಲೋಸ್ ತಾನಾಗಿಯೇ ನಿಧಾನವಾಗಿ ಒಡೆಯುತ್ತಾ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ, ಅವು ಮತ್ತಷ್ಟು ಒಡೆತಕ್ಕೆ ಕಾರಣವಾಗುತ್ತವೆ. ಈ ಸರಪಳಿಯನ್ನು ತಡೆಯಲು ಡೈಫಿನೈಲಮೀನ್‌ನಂಥ ಸ್ಥಿರಕಾರಿಯನ್ನು ಸೇರಿಸಿರುತ್ತಾರೆ. ಶಾಖ ಹೆಚ್ಚಿದಂತೆ ಸ್ಥಿರಕಾರಿ ಬೇಗ ಮುಗಿಯುತ್ತದೆ. ಡಬ್ಬಿ ತೆರೆದಾಗ ಹುಳಿಯಾದ, ಮೂಗಿಗೆ ಕಟುವಾದ ವಾಸನೆ ಬಂದರೆ, ಕೆಂಪು ಹೊಗೆಯಂಥದ್ದು ಕಂಡರೆ ಅಥವಾ ತುಕ್ಕಿನಂಥ ಪುಡಿ ಇದ್ದರೆ ಆ ಮದ್ದಿನ ಆಯಸ್ಸು ತೀರಿದೆ ಎಂದರ್ಥ. ಕಾರಿನ ಡಿಕ್ಕಿಯಲ್ಲಿ ಬಿಡಬಾರದು, ತಗಡಿನ ಶೆಡ್ಡಿನಲ್ಲಿ ಇಡಬಾರದು. ಅಲ್ಲಿನ ಅಗ್ನಿ ಸುರಕ್ಷತಾ ಸಂಹಿತೆಯ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿಯೇ 20 ಪೌಂಡಿನವರೆಗೆ ಇಡಬಹುದು, ಅದಕ್ಕಿಂತ ಹೆಚ್ಚಾದರೆ ದಪ್ಪ ಹಲಗೆಯ ಪೆಟ್ಟಿಗೆ ಬೇಕು. ಮೂಲ ಡಬ್ಬಿ ಎಂಬ ಮಾತನ್ನು ಅವನಿಗೆ ಒತ್ತಿ ಹೇಳಿದೆ. ಕೆಲಸ ಮುಗಿದ ಮೇಲೆ ಯಂತ್ರದ ಬುರುಡೆಯಲ್ಲಿ ಮದ್ದು ಬಿಟ್ಟರೆ ಡಬಲ್ ಬೇಸ್ ಮದ್ದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಅದಕ್ಕಿಂತ ಹೆಚ್ಚಾಗಿ ಮರುವಾರ ಅದು ಯಾವ ಮದ್ದು ಎಂಬುದೇ ಮರೆತುಹೋಗುತ್ತದೆ. ಹೆಸರು ಖಾತ್ರಿಯಿಲ್ಲದ ಮದ್ದು ಎಷ್ಟೇ ಇರಲಿ, ಅದು ಬಳಸುವ ಮದ್ದಲ್ಲ.

ಇದೇ ಕಾರಣಕ್ಕೆ ಕಾರ್ಖಾನೆಯ ಕಾಡತೂಸನ್ನು ಬಿಚ್ಚಿ ಅದರ ಮದ್ದನ್ನು ಮತ್ತೊಂದಕ್ಕೆ ಹಾಕುವುದೂ ಸಲ್ಲದು. ಕಾರ್ಖಾನೆಗಳು ಕೊಳ್ಳುವುದು ಸಗಟು ಮದ್ದು. ಪ್ರತಿ ಲಾಟಿನ (ಒಂದೇ ಸಲಕ್ಕೆ ತಯಾರಾದ ಕಂತಿನ) ಒತ್ತಡವನ್ನು ತಮ್ಮ ಪ್ರಯೋಗಾಲಯದಲ್ಲಿ ಅಳೆದು ಅದಕ್ಕೆ ತಕ್ಕಂತೆ ಅಳತೆಯನ್ನು ಬದಲಿಸುತ್ತಾರೆ. ಅಂಗಡಿಯ ಡಬ್ಬಿಯಲ್ಲಿ ಬರುವ ಮದ್ದನ್ನಾದರೋ ಒಂದು ಲಾಟು ಇನ್ನೊಂದರಂತೆ ನಡೆದುಕೊಳ್ಳಲೆಂದು ಬೆರೆಸಿ ಸಮ ಮಾಡಿರುತ್ತಾರೆ.

ನಮ್ಮಲ್ಲಿ ಪರವಾನಗಿ ಇರುವವರ ಬಳಿ ಹೆಚ್ಚಾಗಿ ಕಾಣುವ .32 ರಿವಾಲ್ವರಿಗೂ ಈ ಮಾತುಗಳಲ್ಲಿ ಕೆಲವು ಅನ್ವಯಿಸುತ್ತವೆ, ತುಂಬುವುದಕ್ಕಲ್ಲ, ಅರ್ಥ ಮಾಡಿಕೊಳ್ಳುವುದಕ್ಕೆ. .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ಕೂಡ 1896ರ, ಕರಿಮದ್ದಿನ ಕಾಲದ ಕಾಡತೂಸು, ಒತ್ತಡದ ಮಿತಿ 15,000 ಪೌಂಡ್. ಅಂತರರಾಷ್ಟ್ರೀಯ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಇದೇ ಕಾಡತೂಸನ್ನು ಮೂತಿ ಚಪ್ಪಟೆಯಾದ ವಾಡ್‌ಕಟರ್ ಗುಂಡಿನೊಂದಿಗೆ ಬಳಸುತ್ತಾರೆ. ಆ ಗುಂಡು ಕೇಸಿನ ಅಂಚಿಗೆ ಸಮವಾಗಿ ಒಳಗೆ ಕೂರುವುದರಿಂದ ಮದ್ದಿಗೆ ಉಳಿಯುವ ಜಾಗ ಕಿರಿದಾಗುತ್ತದೆ, ಜಾಗ ಕಿರಿದಾದಷ್ಟು ಒತ್ತಡ ಏರುತ್ತದೆ. ಮದ್ದನ್ನು ಆರಿಸುವಾಗ ಗುಂಡಿನ ತೂಕವನ್ನಷ್ಟೇ ಅಲ್ಲ, ಅದು ಎಷ್ಟು ಆಳಕ್ಕೆ ಕೂರುತ್ತದೆ ಎಂಬುದನ್ನೂ ನೋಡಬೇಕೆನ್ನುವುದು ಇದಕ್ಕೆ.

ಕೊನೆಗೆ ಅವನು ಕೊಂಡದ್ದು ವಿಂಚೆಸ್ಟರ್ 231ರ ಒಂದು ಪೌಂಡಿನ ಡಬ್ಬಿ ಮತ್ತು ಯೂನಿಕ್‌ನ ಇನ್ನೊಂದು. ಮೊದಲನೆಯದು 9 ಮಿ.ಮೀ. ಪಿಸ್ತೂಲಿಗೆ, ಎರಡನೆಯದು ರಿವಾಲ್ವರಿಗೆ ಎಂದು ಮಾಡಿಕೊಂಡಿದ್ದಾನೆ. ಎರಡು ಡಬ್ಬಿ ಒಂದೇ ಸಲ ಮೇಜಿನ ಮೇಲೆ ಬರಬಾರದೆಂಬ ನಿಯಮವನ್ನು ತಾನೇ ಹಾಕಿಕೊಂಡಿದ್ದಾನೆ. ಕೈಪಿಡಿಯ ಆರಂಭದ ಅಳತೆಯಿಂದ ಶುರುಮಾಡಿ, ಕ್ರೊನೊಗ್ರಾಫ್ ಇಟ್ಟು ವೇಗ ಅಳೆದು, ಹಾರಿದ ಕೇಸಿನ ಪ್ರೈಮರ್ ಚಪ್ಪಟೆಯಾಗಿದೆಯೇ ಎಂದು ನೋಡುತ್ತಾ ನಿಧಾನವಾಗಿ ಮೇಲೇರಬೇಕೆಂದು ಹೇಳಿದ್ದೇನೆ. ಈ ಡಬ್ಬಿಗಳು ಮುಗಿದು ಅದೇ ಹೆಸರಿನ ಹೊಸ ಡಬ್ಬಿ ತಂದಾಗ ಲಾಟ್ ಸಂಖ್ಯೆ ಬೇರೆಯಾಗಿದ್ದರೆ ಅಳತೆಯನ್ನು ಮತ್ತೆ ಕೆಳಗಿನಿಂದಲೇ ಆರಂಭಿಸಬೇಕು. ಸಂಖ್ಯೆ ಬರೆದಿಡಲು ಒಂದು ನೋಟ್‌ಬುಕ್ ಇಟ್ಟಿದ್ದಾನಂತೆ.